ಹಳೇ ಸಾಲುಗಳು

ವಿಂಡೋಸ್ ರಿಜಿಸ್ಟ್ರಿಯಲ್ಲಿ ಮಲ್ಟಿ-ಸ್ಟ್ರಿಂಗ್ ಅಂತ ಒಂದು ಬಗೆಯಿದೆ. ಹೆಸರು ಒಂದೇ, ಒಳಗೆ ಹಲವು ಸಾಲು. ಒಂದು ಸರ್ವಿಸ್ ಶುರುವಾಗೋಕೆ ಮುಂಚೆ ಯಾವ್ಯಾವ ಸರ್ವಿಸ್ ಓಡ್ತಿರಬೇಕು ಅನ್ನೋ 'ಡಿಪೆಂಡ್‌ಆನ್‌ಸರ್ವಿಸ್' ಪಟ್ಟಿ ಇರೋದು ಹೀಗೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಬೇಕಿತ್ತು. ಪವರ್‌ಶೆಲ್‌ನಲ್ಲಿ 'ಸೆಟ್-ಐಟಂಪ್ರಾಪರ್ಟಿ' ಓಡಿಸಿದೆ. ಎರರ್ ಬರಲಿಲ್ಲ, ಆರಾಮಾಗಿ ಮಲಗಿದೆ. ರಾತ್ರಿ ಸರ್ವರ್ ರೀಸ್ಟಾರ್ಟ್ ಆದಾಗ ನಮ್ಮ ಸರ್ವಿಸ್ ಡೇಟಾಬೇಸ್‌ಗಿಂತ ಮೊದಲೇ ಎದ್ದು, ಅದು ಸಿಗದೆ ನಿಂತೇಹೋಯ್ತು. ಆ ಕಮಾಂಡ್ ಸೇರಿಸೋದಿಲ್ಲ. ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆಯುತ್ತೆ. ಪಟ್ಟಿಯಲ್ಲಿ ಉಳಿದಿದ್ದು ನಾನು ಕೊಟ್ಟ ಒಂದೇ ಹೆಸರು. ಬ್ಯಾಕಪ್ ತೆಗೆದಿರಲಿಲ್ಲ. ಟೆಸ್ಟ್ ಮಷಿನ್ ನೋಡಿ ಹಳೇ ಹೆಸರುಗಳನ್ನ ವಾಪಸ್ ಹಾಕುವಷ್ಟರಲ್ಲಿ ಬೆಳಗಾಗಿತ್ತು. ಮೀಟಿಂಗ್‌ನಲ್ಲಿ "ತಪ್ಪು ನನ್ನದೇ" ಅಂದೆ. ಧ್ವನಿ ನಡುಗ್ತಿತ್ತು.

ಊರಲ್ಲಿ ಅಕ್ಷರ ಬಾರದ ಅಮ್ಮ ಸಂತೆ ಚೀಟಿಯನ್ನ ನನ್ನ ಕೈಲೇ ಬರೆಸ್ತಿದ್ಲು. ನಡುವೆ ಏನಾದ್ರೂ ನೆನಪಾದ್ರೆ, "ಮೊದ್ಲು ಬರ್ದಿರೋದು ಓದು, ಆಮೇಲೆ ಸೇರ್ಸು" ಅನ್ನೋಳು. ನಂಗೆ ಬೇಜಾರಾಗ್ತಿತ್ತು.

ಈಗ ನನ್ನ ಸ್ಕ್ರಿಪ್ಟ್ ಮಾಡೋದೂ ಅಷ್ಟೇ. ಹಳೇ ಸಾಲುಗಳನ್ನ ಓದಿ ಒಂದು ಫೈಲಿಗೆ ಉಳಿಸುತ್ತೆ, ಅದೇ ಅರೇಗೆ ಹೊಸದನ್ನ ಸೇರಿಸುತ್ತೆ, ಆಮೇಲೇ 'ಮಲ್ಟಿಸ್ಟ್ರಿಂಗ್' ಅಂತ ಹೇಳಿ ಬರೆಯುತ್ತೆ.