ಕಾಣದ ಅಕ್ಷರಕ್ಕೆ ಚುಕ್ಕೆ

ಜುಲೈ 6, 2025, ಭಾನುವಾರ. ಮೈಸೂರು

ಮಗಳು ಹೊಸ ಫೋನ್ ತಗೊಂಡಳು, ಅವಳ ಐಫೋನ್ 15 ಪ್ರೊ ನನ್ನ ಪಾಲಿಗೆ ಬಂತು. ಅದರಲ್ಲಿ ಇವತ್ತು ಪ್ರಾಜೆಕ್ಟ್ ಇಂಡಿಗೊ ಎಂಬ ಕ್ಯಾಮೆರಾ ಆ್ಯಪ್ ಹಾಕಿಕೊಂಡೆ. ಅಡೋಬ್‌ನವರು ಕಳೆದ ತಿಂಗಳಷ್ಟೇ ಬಿಟ್ಟಿದ್ದಾರೆ. ಪುಕ್ಕಟೆ, ಲಾಗಿನ್ ಕೂಡ ಕೇಳುವುದಿಲ್ಲ.

ಕುತೂಹಲ ಹುಟ್ಟಿದ್ದು ಮಾಡಿದವರ ಹೆಸರು ನೋಡಿ. ಮಾರ್ಕ್ ಲೆವಾಯ್, ಫ್ಲೋರಿಯಾನ್ ಕೈಂಜ್. ಲೆವಾಯ್ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಹೇಳುತ್ತಿದ್ದವರು. ಆಮೇಲೆ ಗೂಗಲ್ ಸೇರಿ ಪಿಕ್ಸೆಲ್ ಫೋನುಗಳ ಎಚ್‌ಡಿಆರ್ ಪ್ಲಸ್, ನೈಟ್ ಸೈಟ್ ಕೆಲಸದ ಮುಂದಾಳಾದರು, 2020ರಲ್ಲಿ ಅಡೋಬ್‌ಗೆ ಬಂದರು. ನನಗೆ ಅವರ ಹೆಸರು ಗೊತ್ತಿದ್ದದ್ದು ಬೇರೆ ಕಾರಣಕ್ಕೆ. ಫ್ಲಾರೆನ್ಸ್‌ನ ಡೇವಿಡ್ ವಿಗ್ರಹವನ್ನು 1999ರಲ್ಲಿ ಲೇಸರ್ ಹಾಯಿಸಿ ಅಳೆದು, ಮೈಕೆಲ್ಯಾಂಜೆಲೊನ ಉಳಿಯ ಗೀರು ಕೂಡ ಕಾಣುವಂತೆ ಕಂಪ್ಯೂಟರಿಗೆ ಇಳಿಸಿದ್ದು ಅವರ ತಂಡ. ಮೂರನೇ ಶತಮಾನದ ಆರಂಭದಲ್ಲಿ ಕೆತ್ತಿದ ರೋಮ್ ನಗರದ ಅಮೃತಶಿಲೆಯ ನಕ್ಷೆಯೊಂದು ಒಡೆದು ಚೂರಾಗಿತ್ತು. ಅದರ 1,186 ಚೂರುಗಳಲ್ಲಿ ಯಾವುದಕ್ಕೆ ಯಾವುದು ಕೂಡುತ್ತದೆ ಎಂದು ಹುಡುಕಲು ಹೊರಟದ್ದೂ ಅವರೇ. ಕಲ್ಲಿನ ಸಹವಾಸ ಮಾಡಿದವರು ಕ್ಯಾಮೆರಾ ಮಾಡಿದ್ದಾರೆ. ಭಾನುವಾರ ಬಂದರೆ ವೀರಗಲ್ಲು, ಶಾಸನ ಅಂತ ಸ್ಕೂಟರ್ ಹತ್ತುವ ನನ್ನಂಥವನಿಗೆ ಇಷ್ಟು ಶಿಫಾರಸು ಸಾಕು.

ಮೊದಲ ಫೋಟೊ ದೇವರ ಮನೆಯದು. ಒಂದೇ ಎಣ್ಣೆ ದೀಪ. ಚಿತ್ರದಲ್ಲಿ ದೀಪದ ಕುಡಿಗೆ ಆಕಾರ ಇದೆ, ಹಿತ್ತಾಳೆ ಗಂಟೆಯ ಅಂಚು ಹೊಳೆಯುತ್ತಿದೆ, ಮೂಲೆ ಕಪ್ಪಾಗಿಯೇ ಇದೆ. ನನ್ನ ಹೆಂಡತಿ ನೋಡಿ, “ಇದೇನ್ರೀ, ಕತ್ಲೆ ಕತ್ಲೆ ಬಂದಿದೆ” ಅಂದಳು. ನಮ್ಮ ದೇವರ ಮನೆ ಇರುವುದೇ ಹಾಗೆ ಅಂದೆ. ಒಪ್ಪಲಿಲ್ಲ.

ಜುಲೈ 9, ಬುಧವಾರ

ಊಟ ಆದ ಮೇಲೆ ಇದು ಹೇಗೆ ಕೆಲಸ ಮಾಡುತ್ತದೆ ಎಂದು ಓದುತ್ತಾ ಕೂತೆ. ಒಂದು ಸಲ ಗುಂಡಿ ಒತ್ತಿದರೆ ಸಿಗುವುದು ಒಂದೇ ಫೋಟೊ, ಆದರೆ ಅದರೊಳಗೆ 32 ಚಿತ್ರಗಳವರೆಗೆ ಇರಬಹುದು. ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ತೆಗೆಯುತ್ತದೆ. ಹಗಲಿನ ಫೋಟೊ ಮೋಡ್‌ನಲ್ಲಂತೂ ಆ ಚಿತ್ರಗಳು ಬೆರಳು ತಾಗುವ ಮೊದಲೇ ಸಿದ್ಧ. ಆ್ಯಪ್ ತೆರೆದಾಗಿನಿಂದ ತೆಗೆಯುತ್ತಲೇ ಇರುತ್ತದೆ, ಒತ್ತಿದಾಗ ಆಗಷ್ಟೇ ಕಳೆದವನ್ನು ಇಟ್ಟುಕೊಳ್ಳುತ್ತದೆ.

ಫೋನಿನ ಸೆನ್ಸರ್ ತೀರ ಚಿಕ್ಕದು, ಅದರ ಮೇಲೆ ಬೀಳುವ ಬೆಳಕೂ ಅಷ್ಟಕ್ಕಷ್ಟೆ. ಬೆಳಕಿನ ಕಣಗಳು ಲೆಕ್ಕ ಹಾಕಿದಂತೆ ಒಂದೇ ಸಮ ಬರುವುದಿಲ್ಲ. ಒಂದು ಪಿಕ್ಸೆಲ್‌ಗೆ ನಾಲ್ಕು ಹೆಚ್ಚು, ಪಕ್ಕದ್ದಕ್ಕೆ ನಾಲ್ಕು ಕಡಿಮೆ. ಕತ್ತಲಲ್ಲಿ ತೆಗೆದ ಫೋಟೊದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಬಹುಪಾಲು ಇದೇ. ನಾಲ್ಕು ಚಿತ್ರಗಳ ಸರಾಸರಿ ತೆಗೆದರೆ ಅದು ಅರ್ಧಕ್ಕಿಳಿಯುತ್ತದೆ, ಹದಿನಾರಾದರೆ ಕಾಲುಭಾಗಕ್ಕೆ. ಇನ್ನೊಂದು ಜಾಣತನವೂ ಇದೆ. ಪ್ರತಿ ಚಿತ್ರವನ್ನೂ ಬೇಕೆಂದೇ ಕಡಿಮೆ ಬೆಳಕಿಗೆ ತೆಗೆಯುತ್ತದೆ. ದೀಪದ ಕುಡಿಯೋ ಮೋಡದ ಅಂಚೋ ಒಮ್ಮೆ ಬೆಳ್ಳಗೆ ಸುಟ್ಟುಹೋದರೆ ಮತ್ತೆ ಬರುವುದಿಲ್ಲ, ಕಪ್ಪಿನೊಳಗೆ ಅಡಗಿದ್ದನ್ನು ಹಲವು ಚಿತ್ರ ಕೂಡಿಸಿ ಎತ್ತಬಹುದು. ಗೂಗಲ್‌ನವರು 2013ರ ನೆಕ್ಸಸ್ 5 ಫೋನಿನಲ್ಲೇ ಇದನ್ನು ತಂದಿದ್ದರು. ಇಂಡಿಗೊ ಚಿತ್ರಗಳ ಸಂಖ್ಯೆ ಹೆಚ್ಚಿಸಿ, ಬೆಳಕನ್ನು ಇನ್ನಷ್ಟು ತಗ್ಗಿಸಿದೆ. ಅದಕ್ಕೆ ಪ್ರತಿಯಾಗಿ ಪ್ರತಿ ಫೋಟೊಗೂ ಕೊಂಚ ಕಾಯಬೇಕು. ನನಗೇನು ಆತುರ?

ಜುಲೈ 13, ಭಾನುವಾರ. ಸೋಮನಾಥಪುರ

ಮಳೆ ಬಿಡುವು ಕೊಟ್ಟಿತು. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವ ದೇವಾಲಯ. 2023ರಿಂದ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಜನ ಹೊರಗೋಡೆ ನೋಡಿ ಹೋಗಿಬಿಡುತ್ತಾರೆ. ನನಗೆ ಬೇಕಿದ್ದದ್ದು ಒಳಗಿನ ಕತ್ತಲೆ. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಇಲ್ಲಿಯವರೆಗೆ ಮಂಟಪದ ಒಳಗೆ ನಾನು ತೆಗೆದದ್ದೆಲ್ಲ ಒಂದೋ ಅಲುಗಿದ್ದು, ಇಲ್ಲ ಕಾಳುಕಾಳಾದದ್ದು.

ಕಂಬಕ್ಕೆ ಒರಗಿ, ಉಸಿರು ಹಿಡಿದು, ಮೇಲ್ಛಾವಣಿಯ ಒಂದು ಅಂಕಣಕ್ಕೆ ಫೋನ್ ಎತ್ತಿದೆ. ಸುತ್ತುಸುತ್ತಾಗಿ ಒಳಕ್ಕೆ ಏರಿದ ಭುವನೇಶ್ವರಿ, ನಡುವಿನಿಂದ ಕೆಳಕ್ಕೆ ಇಳಿಬಿದ್ದ ಬಾಳೆಹೂವಿನ ಮೊಗ್ಗು. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದೆ. ಮೊಗ್ಗಿನ ಒಂದೊಂದು ಎಸಳಿನ ಅಂಚೂ ಬಿಡಿಬಿಡಿಯಾಗಿದೆ, ಎಸಳಿನ ಸಂದು ಕಪ್ಪಾಗಿಯೇ ಉಳಿದಿದೆ. ಆ ಕಪ್ಪು ಇರುವುದರಿಂದಲೇ ಎಸಳು ಮುಂದಕ್ಕೆ ಬಂದಂತೆ ಕಾಣುತ್ತದೆ. ತಿರುಗಣೆ ಹಿಡಿದ ಕಂಬಗಳ ಬಳೆಗಳ ಮೇಲೆ ಬಾಗಿಲಿನ ಬೆಳಕು ಒಂದೇ ಕಡೆಯಿಂದ ಜಾರಿದೆ. ಪಕ್ಕದಲ್ಲಿದ್ದ ಪ್ರವಾಸಿಯೊಬ್ಬರು ಅದೇ ಛಾವಣಿಯನ್ನು ತಮ್ಮ ಫೋನಿನಲ್ಲಿ ತೆಗೆದು ಖುಷಿಯಿಂದ ತೋರಿಸಿದ್ದರು. ಮೂಲೆಮೂಲೆಯೂ ಬೆಳಗಿ, ಟ್ಯೂಬ್‌ಲೈಟ್ ಹಾಕಿದ ಛತ್ರದ ಹಾಗಿತ್ತು. ಎಲ್ಲವೂ ಕಾಣುತ್ತಿತ್ತು, ಕೆತ್ತನೆಯ ಆಳ ಮಾತ್ರ ಹೋಗಿತ್ತು.

ಒಂದು ಚಿತ್ರದಲ್ಲಿ ಮಗುವೊಂದು ಅಡ್ಡ ಓಡಿತು. ಅದರ ಮೈ ಸುತ್ತ ಮಾತ್ರ ಕಾಳುಕಾಳು ಜಾಸ್ತಿ. ಓಡಿದ ಭಾಗ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಹೊಂದದಿದ್ದರೆ ಅಲ್ಲಿ ಬೆರೆಸುವುದನ್ನು ಬಿಟ್ಟುಬಿಡುತ್ತದೆ. ಹೊಂದದ್ದನ್ನು ಬಲವಂತವಾಗಿ ಹೊಂದಿಸಿಲ್ಲ ಅನ್ನುವುದು ಮೆಚ್ಚುಗೆಯಾಯಿತು.

ಜುಲೈ 27, ಭಾನುವಾರ. ಚುಂಚನಕಟ್ಟೆ

ಈ ವರ್ಷ ಜೂನ್‌ನಲ್ಲೇ ಕೆಆರ್‌ಎಸ್ ತುಂಬಿತು, ಹೊಳೆ ಇನ್ನೂ ಜೋರಾಗಿದೆ. ಇಂಡಿಗೊದಲ್ಲಿ ಲಾಂಗ್ ಎಕ್ಸ್‌ಪೋಶರ್ ಅಂತ ಒಂದು ಗುಂಡಿ ಇದೆ. ಒತ್ತಿದರೆ ಅಲುಗಿದ್ದನ್ನೂ ಸೇರಿಸಿಯೇ ಬೆರೆಸುತ್ತದೆ. ಕಾವೇರಿ ನೊರೆ, ತುಂತುರು ಎಲ್ಲ ಬಿಟ್ಟು ನುಣ್ಣಗೆ ಬಿಳಿ ಸೆರಗಾಗಿ ಬಂತು, ಬಂಡೆ ಮಾತ್ರ ಚೂಪಾಗಿ ಉಳಿಯಿತು.

ಜೊತೆಗೆ ಬಂದಿದ್ದ ತಂಗಿ ಮಗ ಬಿಡಲಿಲ್ಲ. “ಇದು ಸುಳ್ಳಲ್ವಾ ಮಾವ? ನೀರು ಹೀಗಿತ್ತಾ?”

ಹೀಗೆ ಯಾರ ಕಣ್ಣಿಗೂ ಕಾಣಲಿಲ್ಲ, ನಿಜ. ಆದರೆ ಇಲ್ಲಿ ಬಿದ್ದಿರುವ ಬೆಳಕೆಲ್ಲ ಈ ಹೊಳೆಯದೇ. ಬೇರೆ ಯಾವುದೋ ಹೊಳೆಯನ್ನು ನೋಡಿ ಕಲಿತು ತುಂಬಿಸಿದ್ದಲ್ಲ. ಹೀಗೆ ಹೇಳಿದೆ. ಅವನಿಗೆ ಅದು ಜಾಣ ಉತ್ತರ ಅನ್ನಿಸಿತು, ಅಷ್ಟೆ.

ಆಗಸ್ಟ್ 10, ಭಾನುವಾರ

ನಾಲೆ ಬಯಲಿನ ಒಂದು ಹಳ್ಳಿ. ಗದ್ದೆಯ ನಟ್ಟನಡುವೆ ವೀರಗಲ್ಲು ನಿಂತಿದೆ ಎಂದು ಗೆಳೆಯರು ಹೇಳಿದ್ದರು. ಹೋದರೆ ನಾಟಿ ಮುಗಿದು ಪೈರು ಹಸಿರೇರಿದೆ. ಬದುವಿನಿಂದ ಕಲ್ಲಿಗೆ ಒಳ್ಳೆಯ ದೂರ. ಗದ್ದೆಯವರು ಮೊದಲೇ ಹೇಳಿಬಿಟ್ಟರು: “ಪೈರು ತುಳೀಬ್ಯಾಡಿ ಸಾಮಿ, ಕುಯ್ಲು ಆದ್ಮ್ಯಾಕೆ ಬನ್ನಿ.”

ಬದುವಿನ ಮೇಲೆ ನಿಂತೇ ಝೂಮ್ ಮಾಡಿದೆವು, ನಾನು ಇಂಡಿಗೊದಲ್ಲಿ, ತಂಗಿ ಮಗ ತನ್ನ ಫೋನಿನಲ್ಲಿ. ಮೂರು ಹಂತದ ಕಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹ. ಹೊಯ್ಸಳರ ಕಾಲದ ಅಕ್ಷರ ಇರಬೇಕು. ವೀರನ ಹೆಸರು ಬರುವ ಕಡೆ ಒಂದು ಅಕ್ಷರ ಕೈಕೊಟ್ಟಿತು. ಮೇಲೆ ಬಾಯಿ ತೆರೆದಿದ್ದರೆ ಪ, ಕೂಡಿಕೊಂಡಿದ್ದರೆ ವ. ನನ್ನ ಚಿತ್ರದಲ್ಲಿ ಅಲ್ಲೊಂದು ಬೂದು ಮಸುಕು. ಅವನದರಲ್ಲಿ ದುಂಡಗೆ, ಅಂಚು ಕಟ್ಟಿದಂತೆ, ಸ್ಪಷ್ಟವಾದ ವ.

“ನೋಡಿ ಮಾವ, ನನ್ನ ಫೋನೇ ವಾಸಿ.”

ಅಕ್ಕಪಕ್ಕದ ಅಕ್ಷರಗಳೆಲ್ಲ ಸವೆದಿವೆ, ಇದೊಂದು ಮಾತ್ರ ನಿನ್ನೆ ಕೊರೆದಂತಿದೆ. ನನಗೆ ನಂಬಿಕೆ ಬರಲಿಲ್ಲ.

ಆಗಸ್ಟ್ 12, ಮಂಗಳವಾರ

ಅದೇ ತಲೆಯಲ್ಲಿ ಕೊರೆಯುತ್ತಿದೆ. ಝೂಮ್ ಅಂದರೆ ಎರಡೂ ಫೋನಿನಲ್ಲಿ ಒಂದೇ ಕೆಲಸ ನಡೆಯುವುದಿಲ್ಲ.

ಇಂಡಿಗೊದ್ದು ಕೈ ನಡುಕದ ಲೆಕ್ಕ. ಸೆನ್ಸರಿನ ಪ್ರತಿ ಪಿಕ್ಸೆಲ್ ನೋಡುವುದು ಒಂದೇ ಬಣ್ಣ: ಕೆಂಪು, ಹಸಿರು ಇಲ್ಲವೇ ನೀಲಿ. ಕೊಡಕ್‌ನ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕ ಜೋಡಣೆ ಇದು. ಅರ್ಧದಷ್ಟು ಹಸಿರು, ಉಳಿದರ್ಧದಲ್ಲಿ ಕೆಂಪು, ನೀಲಿ ಸಮಪಾಲು. ಕಾಣದ ಎರಡು ಬಣ್ಣಗಳನ್ನು ಅಕ್ಕಪಕ್ಕ ನೋಡಿ ಅಂದಾಜು ಮಾಡಬೇಕು. ಎಷ್ಟೇ ಗಟ್ಟಿಯಾಗಿ ಹಿಡಿದರೂ ಕೈ ಕೂದಲೆಳೆಯಷ್ಟು ನಡುಗುತ್ತದೆ. ಹಾಗೆ ನಡುಗಿದಾಗ, ಒಂದು ಚಿತ್ರದಲ್ಲಿ ಕೆಂಪು ಪಿಕ್ಸೆಲ್ ನೋಡಿದ ಜಾಗವನ್ನು ಮುಂದಿನ ಚಿತ್ರದಲ್ಲಿ ಹಸಿರು ಪಿಕ್ಸೆಲ್ ನೋಡುತ್ತದೆ, ಇನ್ನೊಂದರಲ್ಲಿ ಎರಡು ಪಿಕ್ಸೆಲ್‌ಗಳ ನಡುವಿನ ಜಾಗವೂ ಸಿಗುತ್ತದೆ. ಕೂಡಿಸಿದರೆ ಒಂದೇ ಚಿತ್ರದಲ್ಲಿ ಇಲ್ಲದ ವಿವರ ಬರುತ್ತದೆ, ಅದೂ ಕಲ್ಲಿನಿಂದಲೇ ಬಂದದ್ದು. ಗೂಗಲ್ 2018ರ ಪಿಕ್ಸೆಲ್ 3ರಲ್ಲಿ ಇದನ್ನು ತಂದಾಗ, ಫೋನ್ ಅಲುಗದಂತೆ ಇಟ್ಟಿದ್ದರೆ ಲೆನ್ಸ್ ತಾನೇ ಸಣ್ಣಗೆ ಸುತ್ತುವ ಏರ್ಪಾಡು ಮಾಡಿತ್ತು. ಫೋಟೊದವರು ಶಪಿಸುವ ನಡುಕ ಇಲ್ಲಿ ಬಂಡವಾಳ.

ಇನ್ನೊಂದು ದಾರಿ, ಸಾವಿರಾರು ಚಿತ್ರ ನೋಡಿ ಕಲಿತ ಯಂತ್ರ ಇಲ್ಲಿ ಹೀಗಿರಬೇಕು ಎಂದು ತುಂಬಿಸುವುದು. 2023ರಲ್ಲಿ ಒಬ್ಬಾತ ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಗೆ ಹಾಕಿ, ಸ್ಯಾಮ್‌ಸಂಗ್ ಫೋನಿನಲ್ಲಿ ತೆಗೆದ. ಪರದೆಯಲ್ಲಿ ಇಲ್ಲದ ವಿವರ ಫೋಟೊದಲ್ಲಿ ಮೂಡಿತ್ತು. ಅದಕ್ಕೂ ಮುಂಚೆ, 2013ರಲ್ಲಿ, ಜರ್ಮನಿಯ ಡೇವಿಡ್ ಕ್ರೀಸೆಲ್ ಇದಕ್ಕಿಂತ ದಿಗಿಲಿನ ಸಂಗತಿ ಕಂಡುಹಿಡಿದಿದ್ದರು. ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳು ಕಡತದ ಗಾತ್ರ ಇಳಿಸಲು ಒಂದೇ ಥರ ಕಂಡ ಅಂಕಿಗಳ ಜಾಗಕ್ಕೆ ಒಂದೇ ಅಚ್ಚು ಹಾಕುತ್ತಿದ್ದವು. ಕಟ್ಟಡದ ನಕ್ಷೆಯಲ್ಲಿ ಕೋಣೆಗಳ ಅಳತೆಯೇ ಬದಲಾಗಿತ್ತು. ಅಂಕಿ ಮಸುಕಾಗಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು. ಅದು ಅಚ್ಚುಕಟ್ಟಾಗಿ ತಪ್ಪಾಗಿತ್ತು.

ಶಾಸನ ಓದುವವರು ಇದಕ್ಕೊಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಅನುಮಾನದ ಅಕ್ಷರವನ್ನು ಕಂಸದೊಳಗೆ ಹಾಕುತ್ತಾರೆ, ಕಾಣದ್ದಕ್ಕೆ ಚುಕ್ಕೆ ಬಿಡುತ್ತಾರೆ. ಎಪಿಗ್ರಾಫಿಯ ಕರ್ನಾಟಿಕದ ಪುಟ ತಿರುವಿದರೆ ಸಾಲುಸಾಲು ಚುಕ್ಕೆ. ಓದಿದವರ ಮೇಲೆ ನನಗೆ ಭರವಸೆ ಹುಟ್ಟುವುದೇ ಅಲ್ಲಿ. ಫೋನಿನ ಫೋಟೊದಲ್ಲಿ ಕಂಸವೂ ಇಲ್ಲ, ಚುಕ್ಕೆಯೂ ಇಲ್ಲ. ಕಂಡದ್ದು, ಊಹಿಸಿದ್ದು ಎರಡೂ ಒಂದೇ ಹೊಳಪಿನಲ್ಲಿ ಬರುತ್ತವೆ. ಇಂಡಿಗೊದ ಮಸುಕನ್ನು ನಾನು ಚುಕ್ಕೆ ಅಂತ ಓದುತ್ತೇನೆ. ಇದರಲ್ಲೂ ಗಾಜಿನ ಪ್ರತಿಬಿಂಬ ಅಳಿಸುವ ಎಐ ಗುಂಡಿ ಒಂದಿದೆ, ಆದರೆ ನಾವಾಗಿ ಒತ್ತಿದರೆ ಮಾತ್ರ. ನನ್ನ ಕೆಲಸಕ್ಕೆ ಅದು ಬೇಡ.

ಸೆಪ್ಟೆಂಬರ್ 28, ಭಾನುವಾರ

ದಸರಾ. ತಂಗಿಯ ಮನೆಯವರೆಲ್ಲ ಬಂದಿದ್ದಾರೆ. ಸಂಜೆ ಅರಮನೆ ದೀಪ ನೋಡಲು ಹೋದೆವು, ಕಾಲಿಡಲು ಜಾಗವಿರಲಿಲ್ಲ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಕಡಿಮೆ ಬೆಳಕಿಗೆ ತೆಗೆಯುವ ಉಪಾಯ ಇಲ್ಲಿ ಫಲ ಕೊಟ್ಟಿತು. ಕಮಾನಿನ ಅಂಚಿನ ಬಲ್ಬುಗಳು ಒಂದಕ್ಕೊಂದು ಕರಗಿ ಹಳದಿ ಗೆರೆಯಾಗದೆ ಒಂದೊಂದೂ ಎಣಿಸುವಂತಿವೆ.

ದೀಪದ ಎದುರು ತಂಗಿಯನ್ನು ನಿಲ್ಲಿಸಿ ಒಂದು ತೆಗೆದೆ. ಅವಳ ಮಗನೂ ತೆಗೆದ. ನನ್ನದರಲ್ಲಿ ಅವಳ ಎಣ್ಣೆಗಪ್ಪು ಬಣ್ಣ, ಹಣೆಯ ಗೆರೆ, ನಕ್ಕಾಗ ಕಣ್ಣಿನ ಪಕ್ಕ ಬೀಳುವ ಮಡಿಕೆ ಎಲ್ಲ ಇದೆ. ನಮ್ಮ ಅಮ್ಮನ ಮುಖದ ಹಾಗೇ. ಅವನದರಲ್ಲಿ ಹತ್ತು ವರ್ಷ ಕಡಿಮೆ, ಬಣ್ಣವೂ ಎರಡು ಪಟ್ಟು ತಿಳಿ.

“ಅಣ್ಣ, ನಿನ್ನದು ಚೆನ್ನಾಗಿದೆ. ಆದ್ರೆ ಗ್ರೂಪಿಗೆ ಅವನದ್ದೇ ಹಾಕು” ಅಂದಳು.

ಹಾಕಿದ್ದಾಯಿತು. ಅವಳ ಮುಖದ ಮೇಲಿನ ಹಕ್ಕು ಅವಳದು. ಗದ್ದೆಯ ವೀರನಿಗೆ ಹಾಗೆ ಹೇಳಲು ಬಾಯಿಲ್ಲ.

ಡಿಸೆಂಬರ್ 14, ಭಾನುವಾರ

ಕುಯ್ಲು ಮುಗಿದಿದೆ. ಕೂಳೆ ತುಳಿದುಕೊಂಡು ಕಲ್ಲಿನ ಬುಡಕ್ಕೇ ಹೋದೆವು. ಮೊದಲು ಒಣ ಬ್ರಶ್‌ನಿಂದ ಮಣ್ಣು ಒರೆಸಿದೆ. ಸಂಜೆ ಇಳಿಯುವವರೆಗೆ ಕಾದು, ತಂಗಿ ಮಗನ ಕೈಗೆ ಟಾರ್ಚ್ ಕೊಟ್ಟು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿಯಲು ಹೇಳಿದೆ. ಓರೆ ಬೆಳಕು ಬಿದ್ದರೆ ಗೀರಿನೊಳಗೆ ನೆರಳು ತುಂಬಿಕೊಂಡು ಅಕ್ಷರ ಏಳುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಹಿಡಿಸಿ ಒಂದೊಂದು ತೆಗೆದೆ. ನೆರಳನ್ನು ಬೆಳಗಿಸಿಬಿಡುವ ಕ್ಯಾಮೆರಾ ಆಗಿದ್ದರೆ ಈ ಶ್ರಮವೆಲ್ಲ ನೀರುಪಾಲು. ಇದರಲ್ಲಿ ನೆರಳು ನೆರಳಾಗಿಯೇ ಬಂತು. ಪಟ್ಟಿಯ ಬಹುಪಾಲು ಅಕ್ಷರ ಓದಲಿಕ್ಕೆ ಸಿಕ್ಕಿತು, ಆಗಸ್ಟ್‌ನಲ್ಲಿ ಗುರುತು ಹತ್ತದ ಎರಡು ಮೂರು ಸೇರಿ.

ಆ ಅಕ್ಷರ ಸಿಗಲಿಲ್ಲ. ಅಲ್ಲಿ ಕಲ್ಲಿನ ಚಕ್ಕೆಯೇ ಎದ್ದುಹೋಗಿದೆ. ಬೆರಳಾಡಿಸಿದರೆ ಅಕ್ಷರದ ಕೆಳಗಿನ ಬಾಗು ಸಿಗುತ್ತದೆ, ಮೇಲ್ಭಾಗದಲ್ಲಿ ಬರೀ ಗುಳಿ. ಬಾಯಿ ತೆರೆದಿತ್ತೋ ಕೂಡಿತ್ತೋ ಹೇಳುವ ಗೀರು ಕಲ್ಲಿನ ಮೇಲೆ ಉಳಿದೇ ಇಲ್ಲ. ತಂಗಿ ಮಗ ಆಗಸ್ಟ್‌ನ ಫೋಟೊ ತೆಗೆದು ಪಕ್ಕಕ್ಕೆ ಹಿಡಿದ. ಅದರಲ್ಲಿ ವ ಇನ್ನೂ ದುಂಡಗೆ ನಗುತ್ತಿದೆ.

“ಹಾಗಾದ್ರೆ ಇದನ್ನ ಬರೆದವರು ಯಾರು ಮಾವ?”

“ನಿನ್ನ ಫೋನು.”

ಸುಮಾರು ಹೊತ್ತು ಎರಡನ್ನೂ ನೋಡುತ್ತಾ ನಿಂತ. ಆಮೇಲೆ ತಾನಾಗಿಯೇ ನನ್ನ ಪುಸ್ತಕ ಇಸಕೊಂಡು ಸಾಲು ಬರೆದ, ಆ ಜಾಗದಲ್ಲಿ ಚುಕ್ಕೆ ಇಟ್ಟ. ನಾನು ಕೆಳಗೆ ಸೇರಿಸಿದೆ: ಯಾವ ಆ್ಯಪ್, ಯಾವ ಮೋಡ್, ಬೆಳಕು ಯಾವ ಕಡೆಯಿಂದ, ಝೂಮ್ ಇದೆಯೋ ಇಲ್ಲವೋ. ಇನ್ನು ಮುಂದೆ ಪ್ರತಿ ಕಲ್ಲಿನ ಚಿತ್ರಕ್ಕೂ ಇಷ್ಟು ಬರೆದಿಡುವುದು, ಕಚ್ಚಾ ಚಿತ್ರದ ಡಿಎನ್‌ಜಿ ಕಡತವನ್ನೂ ಅಳಿಸದೆ ಇಡುವುದು ಅಂತ ಮಾಡಿದ್ದೇನೆ. ಓದಬಲ್ಲವರು ಮುಂದೆ ನೋಡಿ ನಮ್ಮ ಓದನ್ನು ತಳ್ಳಿಹಾಕುವುದಾದರೆ ಅವರಿಗೆ ಆಧಾರ ಬೇಕಲ್ಲ.

ಗದ್ದೆ ಮತ್ತೆ ಉಳುವ ಮೊದಲು ಪಡಿಯಚ್ಚು ತೆಗೆಯಬೇಕು. ಗದ್ದೆಯವರು ಒಪ್ಪಿದ್ದಾರೆ. ಕಾಗದ, ಮಸಿ, ಬಡಿಯುವ ಬ್ರಶ್ ತರುವ ಜವಾಬ್ದಾರಿ ತಂಗಿ ಮಗನದು.