ನೇಕಾರ ಕವಿಗೆ ಒಂದು ದಿನ

ಸೇಲಂ, ಧರ್ಮಪುರಿ ಕಡೆ ಕವಿಯ ದಿನ ಹತ್ತಿರ ಬಂತೆಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಮಾಂಸಪ್ರಿಯರಿಗೆ. ತೈ ತಿಂಗಳ ಎರಡನೆಯ ದಿನ, ಜನವರಿ 15ಕ್ಕೋ 16ಕ್ಕೋ, ತಮಿಳುನಾಡು ಸರ್ಕಾರದ ತಿರುವಳ್ಳುವರ್ ದಿನ. ಅಂದು ಮಾಂಸದಂಗಡಿಗೂ ಬೀಗ, ಸರ್ಕಾರಿ ಮದ್ಯದಂಗಡಿ ಟಾಸ್ಮಾಕ್‌ಗೂ ಬೀಗ. ಮಾಂಸ ಬಿಡಿ, ಕಳ್ಳು ಬಿಡಿ ಎಂದು ಒಂದೊಂದು ಅಧ್ಯಾಯವನ್ನೇ ಬರೆದವನಿಗೆ ತಕ್ಕ ಮರ್ಯಾದೆಯೇ ಸರಿ. ಆದರೆ ಅದೇ ದಿನ ಮಾಟ್ಟು ಪೊಂಗಲ್. ಎತ್ತಿನ ಕೊಂಬಿಗೆ ಬಣ್ಣ, ಮನೆ ತುಂಬ ನೆಂಟರು. ಹಾಗಾಗಿ ಹಿಂದಿನ ದಿನವೇ ಅಂಗಡಿ ಮುಂದೆ ಸಾಲು. ಕವಿಯನ್ನು ಇಷ್ಟು ಮುಂಚಿತವಾಗಿ ನೆನೆಯುವ ಜನ ಬೇರೆಲ್ಲಿದ್ದಾರೋ ಕಾಣೆ.

ಸೇಲಂನ ಗುಗೈಯಲ್ಲಿ ಮಗ್ಗ ಇಟ್ಟಿದ್ದ ನಮ್ಮ ದೊಡ್ಡಪ್ಪ ಮಾತ್ರ ವಳ್ಳುವರನ್ನು ವರ್ಷವಿಡೀ ನೆನೆಯುತ್ತಿದ್ದರು. ದೇವಾಂಗರ ಮನೆ, ಚೌಡೇಶ್ವರಿಗೆ ಹರಕೆ ಕನ್ನಡದಲ್ಲಿ, ಸೊಸೈಟಿಗೆ ಅರ್ಜಿ ತಮಿಳಿನಲ್ಲಿ. ಓದಲು ಬರುತ್ತಿದ್ದುದು ತಮಿಳು ಅಕ್ಷರವೊಂದೇ. ಸರ್ಕಾರಿ ಬಸ್ಸು ಹತ್ತಿದರೆ ಡ್ರೈವರ್ ಬೆನ್ನ ಹಿಂದೆ ಬರೆದ ಕುರಳನ್ನು ಓದಿ ಮುಗಿಸದೆ ಟಿಕೆಟ್ಟಿಗೆ ಕೈ ಚಾಚುತ್ತಿರಲಿಲ್ಲ. ಬಸ್ಸು ತೊಪ್ಪೂರು ಘಾಟಿ ಏರುವಷ್ಟರಲ್ಲಿ ಪಕ್ಕದವನಿಗೆ ಅರ್ಥವನ್ನೂ ಬಿಡಿಸಿ ಹೇಳಿರುತ್ತಿದ್ದರು. ಪಾಪ, ಅವನು ಹುಟ್ಟು ತಮಿಳ. "ಬಸ್ಸು ಬದಲಾಯಿಸ್ತಾ ಇದ್ರೆ 1330ನೂ ಓದಿಬಿಡ್ಬೋದು ಕಣಪ್ಪಾ" ಎನ್ನುವರು.

ವಳ್ಳುವರೂ ಮೈಲಾಪುರದಲ್ಲಿ ನೇಯುತ್ತಿದ್ದರೆಂಬ ಐತಿಹ್ಯ ಅವರಿಗೆ ಬಲು ಹೆಮ್ಮೆ. ಬೆಂಗಳೂರಿನ ಹಲಸೂರು ಕೆರೆ ಬಳಿಯ ವಳ್ಳುವರ್ ಪ್ರತಿಮೆ, ಎರಡು ರಾಜ್ಯಗಳ ಮುನಿಸಿನಲ್ಲಿ, ಸುಮಾರು 18 ವರ್ಷ ಮುಸುಕು ಹೊದ್ದೇ ಕಳೆಯಿತಲ್ಲ, "ನೇಯೋನಿಗೆ ಬಟ್ಟೆಗೇನು ಬರ!" ಎಂದು ನಗುತ್ತಿದ್ದರು. 2009ರ ಆಗಸ್ಟಿನಲ್ಲಿ ಮುಸುಕು ತೆಗೆದು, ಬೆನ್ನಿಗೇ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನನ್ನು ಕೂಡಿಸಿದಾಗ ಬೀದಿಗೆಲ್ಲ ಕಾಫಿ ಕೊಡಿಸಿದರು.

ಒಮ್ಮೆ ಕೇಳಿದೆ: "ದೊಡ್ಡಪ್ಪಾ, ಮುದನೂರಿನ ದೇವರ ದಾಸಿಮಯ್ಯನೂ ನಮ್ಮ ನೇಕಾರನೇ. ಅವನ ವಚನ ಗೊತ್ತಾ?"

ಲಾಳಿ ನಿಲ್ಲಿಸಿ ಕೈಮುಗಿದರು. "ಅವ್ರು ಸಾಮಿ ಅಲ್ವೇನಪ್ಪಾ? ಹಾಡೂ ಕಟ್ಟಿದ್ದಾರಾ?"

ದಾಸಿಮಯ್ಯನ ಪಟಕ್ಕೆ ದಿನವೂ ಹೂವಿಡುತ್ತಿದ್ದ ಮನುಷ್ಯ. ಪಟದಲ್ಲಿದ್ದವನು ಕವಿಯೆಂದು ಯಾರೂ ಹೇಳಿರಲಿಲ್ಲ. ನೆನಪಿದ್ದ ಒಂದು ವಚನ ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. ಅಂದು ಮಗ್ಗ ತಡವಾಗಿ ಶುರುವಾಯಿತು.

ಕರ್ನಾಟಕದಲ್ಲಿ ದಾಸಿಮಯ್ಯನ ಜಯಂತಿಯನ್ನು ಸರ್ಕಾರವೇ ಮಾಡುತ್ತದೆ. ಮಾಡುವವರಲ್ಲಿ ಒಂದು ಬಿನ್ನಹ: ಮುಂದಿನ ಸಲ ಒಂದೆರಡು ಹಾರ ಕಡಿಮೆ ಮಾಡಿ, ಅವನ ವಚನಗಳನ್ನು ತಮಿಳು ಲಿಪಿಯಲ್ಲಿ ಅಚ್ಚು ಹಾಕಿಸಿ ಸೇಲಂ ಕಡೆಗೆ ಕಳಿಸಿಕೊಡಿ.