ಕರೆಂಟ್ ಹೋದಾಗ ಬೇಸ್

ದೊಡ್ಡಬಳ್ಳಾಪುರದಲ್ಲಿ ಮನೆಯಲ್ಲೇ ಕೂತು ರಾಕ್ ಹಾಡು ರೆಕಾರ್ಡ್ ಮಾಡಬೇಕೆಂದರೆ ಮೊದಲು ಕರೆಂಟ್ ಹೋಗಬೇಕು. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಬೀದಿಯ ತುಂಬ ವಿದ್ಯುತ್ ಮಗ್ಗಗಳು. ಗೋಡೆಗೆ ಕೈಯಿಟ್ಟರೆ ಮಗ್ಗದ ಬಡಿತ ಅಂಗೈಗೇ ತಿಳಿಯುತ್ತದೆ. ಕರೆಂಟ್ ಹೋಯಿತೋ, ಎಲ್ಲವೂ ಒಟ್ಟಿಗೆ ಗಪ್‌ಚಿಪ್. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಪುಟ್ಟ ಆಡಿಯೊ ಇಂಟರ್‌ಫೇಸ್ ಅದರಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ. ಬೇಸ್ ಗಿಟಾರಿನ ವೈರ್ ಚುಚ್ಚಿ, ಹೆಡ್‌ಫೋನ್ ಏರಿಸಿದರೆ ಸ್ಟುಡಿಯೊ ಸಿದ್ಧ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ನಮ್ಮ ದೇಶದ ಕರೆಂಟ್ 50 ಹರ್ಟ್ಜ್‌ನದು. ಅರ್ಥಿಂಗ್ ಸರಿಯಿಲ್ಲದ ಹಳೇ ಮನೆಗಳಲ್ಲಿ ಆ ಗುಂಯ್ ಎನ್ನುವ ಸದ್ದು ಗಿಟಾರಿನ ಪಿಕಪ್ಪಿಗೆ ಹತ್ತಿಕೊಳ್ಳುತ್ತದೆ. ಬೇಸ್‌ನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಜ್. ಗುಂಯ್ ಕತ್ತರಿಸಲು ಹೋದರೆ ಸ್ವರವೂ ಜೊತೆಗೇ ಹೋಗುತ್ತದೆ. ಹಾಗಾಗಿ ಬೀದಿಯೆಲ್ಲ ‘ಯಾವಾಗ ಬರುತ್ತೋ ಏನೋ’ ಎಂದು ಗೊಣಗುವಾಗ, ಇನ್ನರ್ಧ ಗಂಟೆ ಬರದಿರಲಿ ಎಂದುಕೊಳ್ಳುವವನು ನಾನೊಬ್ಬನೇ. ನೇಕಾರರ ನಡುವೆ ಇದ್ದುಕೊಂಡು ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಬಿಡಿ.

ಡ್ರಮ್‌ಗೆ ಮಾತ್ರ ಊರಾಚೆ ಹೋಗಲೇಬೇಕು. ದೇವನಹಳ್ಳಿ ಕಡೆ ಗೆಳೆಯನೊಬ್ಬನ ದ್ರಾಕ್ಷಿ ತೋಟದಲ್ಲಿ ಖಾಲಿ ಶೆಡ್ ಇದೆ. 2008ರಲ್ಲಿ ಶುರುವಾದ ವಿಮಾನ ನಿಲ್ದಾಣದ ಕೃಪೆಯಿಂದ ಅಲ್ಲಿ ವಿಮಾನ ದಾಟುವವರೆಗೆ ಕಾಯಬೇಕು. ಅದರ ಗುಡುಗು ಕಿಕ್ ಡ್ರಮ್‌ನ ಮೈಕಿನಲ್ಲೇ ಬಂದು ಕೂರುತ್ತದೆ. ಮೈಕ್‌ಗಳು ನಾಲ್ಕು ಸಾಕು: ಕಿಕ್‌ಗೊಂದು, ಸ್ನೇರ್‌ಗೊಂದು, ಉಳಿದೆರಡು ಇಡೀ ಸೆಟ್ಟಿಗೆ. ಇಂಗ್ಲೆಂಡಿನ ರೆಕಾರ್ಡಿಂಗ್ ಎಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಿನಲ್ಲೇ ಈ ವಿಧಾನ ಪ್ರಸಿದ್ಧ. ಗುಟ್ಟಿರುವುದು ಕೊನೆಯ ಎರಡು ಮೈಕ್‌ಗಳಲ್ಲಿ. ಒಂದು ನೆತ್ತಿಯ ಮೇಲೆ, ಇನ್ನೊಂದು ಬಲಪಕ್ಕದಲ್ಲಿ. ಸ್ನೇರ್‌ನ ನಡುಮಧ್ಯದಿಂದ ಎರಡಕ್ಕೂ ಒಂದೇ ದೂರ ಇರಬೇಕು. ಅಳೆಯಲು ನಾನು ಒಯ್ಯುವುದು ಮಗ್ಗದ ನೂಲು. ನೂಲಿನ ಒಂದು ತುದಿಯನ್ನು ಸ್ನೇರ್ ಮೇಲೆ ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಈ ಮೈಕಿಗೊಮ್ಮೆ ಆ ಮೈಕಿಗೊಮ್ಮೆ ಮುಟ್ಟಿಸುವುದು. ಶಬ್ದ ಒಂದಡಿ ಸಾಗಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಅರ್ಧ ಅಡಿ ಹೆಚ್ಚುಕಮ್ಮಿಯಾದರೂ ಒಂದೇ ಪೆಟ್ಟು ಎರಡು ಹೊತ್ತಿಗೆ ಬಂದು ಸ್ನೇರ್ ತೆಳ್ಳಗಾಗುತ್ತದೆ.

ಇದಕ್ಕೂ ಮೊದಲು ಡ್ರಮ್ಮನ್ನು ಶ್ರುತಿ ಮಾಡಬೇಕು. ‘ಆಮೇಲೆ ಮಿಕ್ಸಿಂಗ್‌ನಲ್ಲಿ ಸರಿಮಾಡಿಕೊಳ್ಳೋಣ’ ಎನ್ನುವ ಹುಡುಗರು ನಮ್ಮ ಸೀಮೆಯ ತಮಟೆಯವರನ್ನು ನೋಡಬೇಕು. ಬೆಂಕಿಗೆ ಹಿಡಿದು ಚರ್ಮ ಬಿಗಿಯಾಗುವವರೆಗೆ ಅವರು ಕೋಲು ಎತ್ತುವುದೇ ಇಲ್ಲ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ಅದು.

ಇನ್ನು ಮಿಕ್ಸಿಂಗ್. ನನ್ನ ಕೋಣೆ ಹತ್ತಡಿಗೆ ಹತ್ತಡಿ, ನಮ್ಮ ಕಡೆ ಸಾಮಾನ್ಯ ಅಳತೆ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ಶಬ್ದ ಸಿಕ್ಕಿಬಿದ್ದು ಹಿಂದೆ ಮುಂದೆ ಓಡಾಡುತ್ತದೆ. ಉದ್ದ ಅಗಲ ಎರಡೂ ಒಂದೇ ಆಗಿರುವುದರಿಂದ ಕಾಟವೂ ಇಮ್ಮಡಿ. ಬೇಸ್‌ನ ಎ ತಂತಿಯನ್ನು ಫ್ರೆಟ್ ಒತ್ತದೆ ಮೀಟಿದರೆ ಬರುವುದು 55 ಹರ್ಟ್ಜ್! ಗೋಡೆಗೊರಗಿ ಕೂತರೆ ಆ ಸ್ವರ ಎದೆಗೆ ಗುದ್ದುತ್ತದೆ. ಕುರ್ಚಿಯನ್ನು ಕೋಣೆಯ ನಟ್ಟನಡುವೆ ಎಳೆದುಕೊಂಡರೆ ಇಲ್ಲವೇ ಇಲ್ಲ ಎನ್ನುವಷ್ಟು ಸೊರಗುತ್ತದೆ. ಹಾಡು ಅದೇ, ಕಿವಿಯೂ ಅದೇ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ. ಇಷ್ಟು ತಗ್ಗಿನ ಶಬ್ದದ ಒಂದು ಅಲೆಯೇ ಇಪ್ಪತ್ತಡಿ ಉದ್ದ. ರಟ್ಟಿನ ಟ್ರೇಯನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮೂಲೆಗೆ ಹಳೇ ಹತ್ತಿಯ ಹಾಸಿಗೆ ನಿಲ್ಲಿಸಿದರೆ ಒಂದಿಷ್ಟು ಉಪಯೋಗವುಂಟು. ಉಳಿದದ್ದನ್ನು ಹೆಡ್‌ಫೋನ್‌ನಲ್ಲಿ ಕೇಳಿಯೇ ತೀರ್ಮಾನಿಸಬೇಕು.

ಕಿಕ್ ಡ್ರಮ್ ಮತ್ತು ಬೇಸ್‌ನ ಜಗಳ ಬಸ್ಸಿನ ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಹಾಗೆ. ಇಬ್ಬರೂ ಕೂರಬಹುದು, ಒಬ್ಬ ಕೊಂಚ ಸರಿಯಬೇಕು. ಯಾರು ಸರಿಯಬೇಕೆನ್ನುವುದು ಹಾಡಿಗೆ ಬಿಟ್ಟದ್ದು. ಬೇಸ್ ಪದೇ ಪದೇ 41 ಹರ್ಟ್ಜ್‌ನ ಇ ತಂತಿಗೆ ಇಳಿಯುವ ಹಾಡಾದರೆ ತಳ ಅದರದ್ದೇ. ಕಿಕ್ 70ರ ಆಸುಪಾಸಿನಲ್ಲಿ ನಿಲ್ಲಲಿ. ಬೇಸ್ ಮೇಲ್ಮೇಲೆ ಓಡಾಡುವ ಹಾಡಾದರೆ ತಳವನ್ನು ಕಿಕ್‌ಗೆ ಕೊಡಿ. ಎಲೆಕ್ಟ್ರಿಕ್ ಗಿಟಾರಿನ ಕೆಳಗಿನ ಸ್ವರವೇ 82 ಹರ್ಟ್ಜ್. ಅದಕ್ಕಿಂತ ಕೆಳಗೆ ಅದರ ಟ್ರ್ಯಾಕಿನಲ್ಲಿರುವುದು ಬರೀ ಕಸ, ಕತ್ತರಿಸಿ ಎಸೆಯಿರಿ. ಆಮೇಲೆ ಬೇಸ್ ಮೇಲೊಂದು ಕಂಪ್ರೆಸರ್ ಹಾಕಿ, ಅದಕ್ಕೆ ಕಿಕ್‌ನ ಸದ್ದು ಕೇಳಿಸುವ ಹಾಗೆ ಮಾಡುವುದು. ಕಿಕ್ ಬಿದ್ದಾಗಲೆಲ್ಲ ಬೇಸ್ ಎರಡು ಮೂರು ಡೆಸಿಬೆಲ್ ತಗ್ಗಿ ಮತ್ತೆ ಏಳುತ್ತದೆ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಎರಡು ಬಡಿತಗಳ ನಡುವೆ ಸಿಗುವುದು ಅರ್ಧ ಸೆಕೆಂಡ್. ಅಷ್ಟರೊಳಗೆ ಬೇಸ್ ಎದ್ದು ನಿಂತಿರಬೇಕು. ಏಳುವ ವೇಗ ತಾಳಕ್ಕೆ ಕೂಡಿಬಂದ ಗಳಿಗೆಯಲ್ಲಿ ಡ್ರಮ್ ಯಾವುದು, ಬೇಸ್ ಯಾವುದು ಎಂದು ಬಿಡಿಸಿ ಹೇಳಲಾಗುವುದಿಲ್ಲ. ತಲೆ ತಾನಾಗಿ ಆಡತೊಡಗುತ್ತದೆ. ನಾನು ಈ ಹುಚ್ಚಿಗೆ ಬಿದ್ದಿರುವುದೇ ಆ ಗಳಿಗೆಗಾಗಿ.

ಹಾಡನ್ನು ಕೊನೆಗೆ ಕೇಳಿಸುವುದು ಪಕ್ಕದೂರಿನ ರೈತರೊಬ್ಬರ ಟ್ರ್ಯಾಕ್ಟರಿನಲ್ಲಿ. ಅದರ ಬಾಕ್ಸುಗಳು ಇಂಜಿನ್ ಸದ್ದನ್ನೂ ಮೀರಿಸಬಲ್ಲವು. ಒಂದು ಹಾಡು ಕೇಳಿ ಅವರೆಂದರು: “ಗುದ್ದು ಚೆನ್ನಾಗೈತೆ ಕಣಣ್ಣ, ಹಾಡೆಲ್ಲೈತೆ?” ಇದಕ್ಕಿಂತ ಒಳ್ಳೆಯ ವಿಮರ್ಶೆ ಯಾವ ಪತ್ರಿಕೆಯಲ್ಲೂ ಸಿಗಲಾರದು. ಬೇಸ್‌ನ 200ರಿಂದ 300 ಹರ್ಟ್ಜ್‌ನ ದಪ್ಪ ಭಾಗ ಗಾಯಕನ ಗಂಟಲಿನ ಮೇಲೆ ಕೂರುತ್ತದೆ. ಕನ್ನಡದ ಒತ್ತಕ್ಷರಗಳು ಅದರಡಿ ಮುಳುಗಿಬಿಡುತ್ತವೆ. ಅಲ್ಲಿ ತುಸು ಕೆತ್ತಿದರೆ ಮಾತು ಮೇಲೆ ಬರುತ್ತದೆ. ಮೊಬೈಲಿನ ಕಥೆ ಉಲ್ಟಾ. ಅದರ ಸ್ಪೀಕರಿನಲ್ಲಿ ತಳದ ಸದ್ದು ಹೊರಡುವುದೇ ಇಲ್ಲ. ಆದರೆ ಬೇಸ್‌ಗೆ ಕೊಂಚ ಡಿಸ್ಟಾರ್ಷನ್ ಕಲಸಿದರೆ ಮೇಲಿನ ಅನುಸ್ವರಗಳು ಏಳುತ್ತವೆ. ಇಲ್ಲದ ತಳವನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ.

ಬೇಸ್ ಇಲ್ಲದೆಯೂ ನಡೆಯುತ್ತದೆ ಎಂದು ವಾದಿಸುವವರು ಮೆಟಾಲಿಕಾದ ಹೆಸರೆತ್ತುತ್ತಾರೆ. 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್‌ನಲ್ಲಿ ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಕೇಳಿಸುವುದೇ ಕಷ್ಟ. ಆದರೂ ಅದು ಭರ್ಜರಿಯಾಗಿ ಮಾರಾಟವಾಯಿತು, ನಿಜ. ಆ ತಂಡ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದುಹೋಯಿತು. ಹಾಗಿದ್ದೂ ಆ ಆಲ್ಬಮ್ ನನಗೆ ಒಣಗಿದಂತೆಯೇ ಕೇಳಿಸುತ್ತದೆ. ಅಭಿಮಾನಿಗಳು ಬೈದುಕೊಳ್ಳಲಿ.

ಬೇಸ್ ಹೇಗಿರಬೇಕೆಂದು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ 1981ರಲ್ಲಿ ಇಳಯರಾಜಾ ಮಾಡಿದ ಹಾಡುಗಳು ನಮ್ಮೆಲ್ಲರ ಬಾಯಲ್ಲಿವೆ. ಒಂದು ಸಲ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಎಸ್‌ಪಿಬಿಯವರ ದನಿಯನ್ನು ಪಕ್ಕಕ್ಕಿಟ್ಟು, ಬೇಸ್ ಗಿಟಾರಿನ ಹಿಂದೆಯೇ ಕೊನೆಯವರೆಗೆ ನಡೆದು ನೋಡಿ. ವಾಲ್ಯೂಮ್ ಮಾತ್ರ ಕಡಿಮೆಯಿರಲಿ.